ಸಭೆಗೆ ಬಾರದ ಸಹೋದರನು

ಆದಿತ್ಯವಾರದ ಆರಾಧನೆಯಲ್ಲಿ ಸ್ತ್ರೀಯರ ಪಕ್ಕವು ತುಂಬಿದ್ದು ಗಂಡಸರ ಪಕ್ಕವು ಬರಿದಾಗಿರುವದನ್ನು ನಾವು ಅನೇಕ ಹಳ್ಳಿಗಳಲ್ಲಿ ಕಾಣುತ್ತೇವೆ. ಇವರು ನಂಬಿಕೆಯನ್ನು ತೊರೆದರೆಂದು ತೀರ್ಪುಮಾಡುವದು ಸುಲಭ. ಆದರೆ ವಿಚಾರಿಸಿ ನೋಡಿದರೆ, ಒಬ್ಬನು ಬಿತ್ತನೆಯ ಕಾಲದಲ್ಲಿ ಎರಡು ವಾರ ತಪ್ಪಿ ಮೂರನೆಯ ವಾರ ಬರಲು ನಾಚುತ್ತಾನೆ. ಮತ್ತೊಬ್ಬನು ತೀರಿಸದ ಸಾಲದ ನಿಮಿತ್ತ, ಸಾಲ ಕೊಟ್ಟವನ ಪಕ್ಕದಲ್ಲಿ ಕೂತುಕೊಳ್ಳಲಾರನು. ಇನ್ನೊಬ್ಬನು ಹೊಲದ ಬದುವಿನ ವ್ಯಾಜ್ಯದಿಂದ ನೆರೆಯವನ ಮುಖವನ್ನು ನೋಡಲೊಲ್ಲನು. ಮೊದಲು ಮುರಿಯುವದು ಮನುಷ್ಯರ ಸಂಗಡ ಇದ್ದ ಅನ್ಯೋನ್ಯತೆ. ಪ್ರಾರ್ಥನೆಯು ತಣ್ಣಗಾಗುವದು ಅನಂತರವೇ.

ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ನೋಡಿರಿ. ಕರ್ತನು ಎದ್ದ ದಿನದ ಸಾಯಂಕಾಲ ತೋಮನು ಶಿಷ್ಯರ ಕೂಟದಲ್ಲಿರಲಿಲ್ಲ. ಕಾರಣವೇನೆಂದು ಅಲ್ಲಿ ಬರೆದಿಲ್ಲ. ಉಳಿದವರು ಅವನನ್ನು ಗದರಿಸಿದರೆಂದೂ ಬರೆದಿಲ್ಲ. ತಾವು ಕಂಡದ್ದನ್ನು ಅವನಿಗೆ ತಿಳಿಸಿದರು. ಅವನು ನಂಬಲಿಲ್ಲ, ಆದರೂ 8 ದಿವಸಗಳ ಮೇಲೆ ಅವರ ಸಂಗಡಲೇ ಇದ್ದನು. ಸಂಶಯಪಡುವವನಿಗೂ ಅವರ ನಡುವೆ ಸ್ಥಳವಿತ್ತು.

ಹಾಗಾದರೆ ಬಾರದವನೊಬ್ಬನೇ ಉತ್ತರ ಕೊಡತಕ್ಕವನೋ? ಪ್ರತಿವಾರವೂ ಕೂಡುವ ನಾವು ಅವನ ಹೊಸ್ತಿಲನ್ನು ದಾಟಿ, ವಂತಿಗೆಯನ್ನಲ್ಲ, ಅವನ ಕ್ಷೇಮವನ್ನು ಕೇಳೋಣ.