ಶಸ್ತ್ರಗಳ ನಡುವೆ ಪ್ರಾರ್ಥನೆ

ಅಹಿಂಸೆಯನ್ನು ಪರಮಧರ್ಮವೆಂದು ಒಪ್ಪಿದವರು ಸೈನಿಕನಿಗಾಗಿ ಪ್ರಾರ್ಥಿಸಬಹುದೇ? ಪ್ರಾರ್ಥಿಸಿದರೆ ಆತನಿಂದಾಗುವ ಹಿಂಸೆಗೆ ಅನುಮೋದನೆಯಿತ್ತಂತಾಗುವುದಿಲ್ಲವೇ? ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳಿಂದಲೂ ಪಾಪಾಸ್ರವವುಂಟೆಂದು ಜಿನಾಗಮವು ಸಾರಿರುವುದರಿಂದ ಇದು ನಮಗೆ ಕೇವಲ ತರ್ಕದ ವಿಷಯವಲ್ಲ. ನಮ್ಮ ಮನೆಗಳ ಮಕ್ಕಳೂ ಸೇನೆಯನ್ನು ಸೇರುತ್ತಾರೆ. 2022ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ. ಹೊರಡುವ ಮುನ್ನ ಬಸದಿಗೆ ಬಂದು ಕೈಮುಗಿದು ನಿಂತವರನ್ನು ಏನೆಂದು ಹರಸಬೇಕು?

ಈ ಪ್ರಶ್ನೆಯನ್ನು ದಿನವೂ ಎದುರಿಸಬೇಕಾದ ವೃತ್ತಿಯೊಂದುಂಟು. ಅದು ಸೇನಾ ಧರ್ಮಗುರುವಿನದು. ಅಮೆರಿಕದ ಸೇನೆಯಲ್ಲಿ ಈ ಪದವಿ 1775ರಿಂದಲೂ ಇದ್ದರೂ ಸ್ತ್ರೀಯರಿಗೆ ಅದು ಸುಲಭವಾಗಿ ದೊರೆಯಲಿಲ್ಲ. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ವಿಸ್ಕಾನ್ಸಿನ್ ಪ್ರಾಂತದ ಫಿರಂಗಿ ದಳದವರು ಗಿಬ್ಸನ್ ಎಂಬ ಮಹಿಳೆಯನ್ನು ತಮ್ಮ ಧರ್ಮಗುರುವಾಗಿ ಆರಿಸಿಕೊಂಡರು. ಆಕೆ ಸ್ತ್ರೀ ಎಂಬ ಕಾರಣದಿಂದ ಯುದ್ಧ ಸಚಿವರು ನೇಮಕವನ್ನು ಒಪ್ಪಲಿಲ್ಲ. ಆದರೂ ಆಕೆ ಸೇವೆಯನ್ನು ಬಿಡಲಿಲ್ಲ. ಭೂಸೇನೆಯಲ್ಲಿ ಸ್ತ್ರೀಯರಿಗೆ ಈ ಅಧಿಕಾರ ವಿಧಿವತ್ತಾಗಿ ದೊರೆತದ್ದು 1974ರಲ್ಲಿ. ಭಾರತದಲ್ಲಿ ಜನಿಸಿದ ಪ್ರತಿಮಾ ಧರ್ಮ್ ಅವರು 2011ರಲ್ಲಿ ಅದೇ ಸೇನೆಯ ಮೊದಲ ಹಿಂದೂ ಧರ್ಮಗುರುವಾದರು. ಅವರು ಇರಾಕಿನ ಯುದ್ಧಭೂಮಿಯಲ್ಲಿಯೂ, ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಗಾಯಾಳುಗಳ ಬಳಿಯಲ್ಲಿಯೂ ಸೇವೆ ಸಲ್ಲಿಸಿದವರು.

ಈ ವೃತ್ತಿಯ ನಿಯಮಗಳು ವಿಚಾರಯೋಗ್ಯವಾಗಿವೆ. ಅಮೆರಿಕದ ಸೇನಾ ಧರ್ಮಗುರು ಶಸ್ತ್ರ ಧರಿಸುವಂತಿಲ್ಲ. 1949ರ ಜಿನೀವಾ ಒಪ್ಪಂದಗಳೂ ಧರ್ಮಗುರುಗಳಿಗೆ ರಕ್ಷಣೆ ನೀಡಿವೆ. ಸೈನಿಕನು ಏಕಾಂತದಲ್ಲಿ ತೋಡಿಕೊಂಡ ಮಾತನ್ನು ಮೇಲಧಿಕಾರಿಗೂ ತಿಳಿಸುವಂತಿಲ್ಲ. ತನ್ನ ಮತದವನಲ್ಲದವನ ಬಳಿಗೂ ಹೋಗಬೇಕು. ಆದರೆ ಇಲ್ಲೊಂದು ತೊಡಕಿದೆ. ನಿಶ್ಶಸ್ತ್ರಳಾದ ಆಕೆಯನ್ನು ಕಾಯಲು ಬಂದೂಕು ಹಿಡಿದ ಸಹಾಯಕನೊಬ್ಬನು ಜೊತೆಗಿರುತ್ತಾನೆ. ಆಕೆಯ ಕೈ ಬರಿದಾಗಿರುವುದು ಇನ್ನೊಬ್ಬನ ಕೈಯಲ್ಲಿ ಶಸ್ತ್ರವಿರುವುದರಿಂದ. ಇದನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ನಮ್ಮ ಅಭಿಷೇಕ, ಪೂಜೆ, ಸಾಮಾಯಿಕಗಳು ನಿರ್ವಿಘ್ನವಾಗಿ ನಡೆಯುವುದೂ ಗಡಿಯಲ್ಲಿ ಯಾರೋ ಎಚ್ಚರವಾಗಿರುವುದರಿಂದಲೇ. ಗೃಹಸ್ಥನು ವಿರೋಧಿ ಹಿಂಸೆಯಿಂದ ಪೂರ್ಣವಾಗಿ ಪಾರಾಗಲಾರನೆಂದು ಶ್ರಾವಕಾಚಾರಗಳು ಒಪ್ಪಿರುವುದು ಇದನ್ನರಿತೇ.

ಹಾಗಾದರೆ ಪ್ರಾರ್ಥನೆಯ ನಿರ್ಮಲತೆ ಎಲ್ಲಿದೆ? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು; ಮಾರ್ಗದಿಂದ ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು. ವಾರಿಷೇಣನ ಕಥೆ ಇದಕ್ಕೆ ನಮ್ಮಲ್ಲಿ ಪ್ರಸಿದ್ಧ ನಿದರ್ಶನ. ರೋಗಿಯ ದೇಹವನ್ನು ಕಂಡು ಹೇಸದ ಉದ್ದಾಯನ ರಾಜನು ನಿರ್ವಿಚಿಕಿತ್ಸೆಗೆ ನಿದರ್ಶನ. ಗೆಳೆಯನ ಸಾವಿನಿಂದ ದ್ವೇಷದಲ್ಲಿ ಕುದಿಯುವವನು, ಕೊಂದ ನೆನಪಿನಿಂದ ನಿದ್ದೆಗೆಟ್ಟವನು, ಕೈಕಾಲು ಕಳೆದುಕೊಂಡು ಬದುಕೇ ಬೇಡವೆನ್ನುವವನು, ಇಂಥವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಈ ಎರಡು ಅಂಗಗಳ ಕಠಿಣ ಸಾಧನೆಯಲ್ಲದೆ ಮತ್ತೇನು? ಸೈನಿಕನ ಮೇಲಿನ ಕರುಣೆ ಬೇರೆ, ಯುದ್ಧದ ಅನುಮೋದನೆ ಬೇರೆ. ಪಾಪವನ್ನು ಒಪ್ಪದೆಯೇ ಪಾಪಿಯ ಕೈಹಿಡಿಯಲು ಬರುತ್ತದೆ. ಆದರೆ “ಶತ್ರು ನಾಶವಾಗಲಿ” ಎಂಬ ಭಾವ ಮನಸ್ಸನ್ನು ಹೊಕ್ಕ ಕ್ಷಣದಲ್ಲೇ ಆ ಪ್ರಾರ್ಥನೆ ಕಷಾಯವಾಗಿ, ಅನುಮೋದನೆಯಾಗಿ ಮಾರ್ಪಡುತ್ತದೆ. ಎಚ್ಚರ ಬೇಕಾದದ್ದು ಅಲ್ಲಿ.

ನಮ್ಮ ಪೂಜೆಯ ಕೊನೆಯಲ್ಲಿ ಹೇಳುವ ಶಾಂತಿಪಾಠವನ್ನು ಗಮನಿಸಿರಿ. ಸಕಲ ಪ್ರಜೆಗಳಿಗೆ ಕ್ಷೇಮ, ಧಾರ್ಮಿಕನಾದ ಅರಸನಿಗೆ ಬಲ, ಕಾಲಕಾಲಕ್ಕೆ ಮಳೆ ಇವೆಲ್ಲವನ್ನೂ ಅಲ್ಲಿ ಹಾರೈಸುತ್ತೇವೆ. ರೋಗದ ನಾಶವನ್ನು ಬಯಸುತ್ತೇವೆಯೇ ಹೊರತು ಎದುರಾಳಿಯ ನಾಶವನ್ನಲ್ಲ. ಸಮರಗಳಲ್ಲಿ ಗೆದ್ದ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ್ದು ಗೆದ್ದ ರಾಜ್ಯವನ್ನು ತೊರೆದ ಬಾಹುಬಲಿಯ ಮೂರ್ತಿಯನ್ನು.

ಆದುದರಿಂದ ಸೇನೆಗೆ ಹೊರಟ ಮಗನನ್ನೋ ಮಗಳನ್ನೋ ಬಸದಿಯ ಬಾಗಿಲಲ್ಲಿ ಮೌನವಾಗಿ ಕಳುಹಿಸುವುದು ಅಹಿಂಸೆಯಾಗಲಾರದು; ಜಯಘೋಷ ಮಾಡಿ ಕಳುಹಿಸುವುದೂ ಅಲ್ಲ. ಕ್ಷೇಮವಾಗಿ ಮರಳಿ ಬಾ, ದ್ವೇಷವಿಲ್ಲದೆ ಮರಳಿ ಬಾ ಎಂದು ಹರಸೋಣ. ಮರಳಿ ಬಂದವರ ಮನಸ್ಸಿನ ಗಾಯವನ್ನು ಆಲಿಸಲು ನಮ್ಮ ಬಸದಿಗಳಲ್ಲಿ ಒಬ್ಬರಾದರೂ ಇರಲಿ. ಆ ಕೆಲಸಕ್ಕೆ ನಮ್ಮ ಶ್ರಾವಿಕೆಯರು ಮುಂದೆ ಬಂದರೆ ಸಂಘವು ಅವರನ್ನು ಆದರದಿಂದ ಬರಮಾಡಿಕೊಳ್ಳಲಿ.