ಕತ್ತಲೆ ಯಾರದ್ದು, ಆಕಾಶ ಯಾರದ್ದು?

ನಕ್ಷತ್ರ ಕಾಣುತ್ತಿಲ್ಲ, ರಾತ್ರಿಯ ಕತ್ತಲೆ ಹಾಳಾಯಿತು ಅಂತ ಪಟ್ಟಣದ ವಿದ್ಯಾವಂತರು ಮರುಗುವಾಗ ನಮಗೆ ಮೊದಲು ಬರುವುದು ಸಿಟ್ಟೇ. ಊರಿಗೆ ಲೈಟು ಕಂಬ ಬಂದು ಎಷ್ಟೋ ವರ್ಷವಾದ ಮೇಲೆ ನಮ್ಮ ಕೇರಿಗೆ ಬಂತು. ಕತ್ತಲೆ ಅಂದರೆ ನಮಗೆ ಹಾವು, ಚೇಳು, ಬಯಲಿಗೆ ಹೋಗುವ ಹೆಣ್ಣುಮಕ್ಕಳ ಭಯ, ದೊಣ್ಣೆ ಹಿಡಿದು ಬಂದವರ ಮುಖ ಕಾಣದ ಹೊತ್ತು. ಭಾಗ್ಯಜ್ಯೋತಿಯ ಒಂದೇ ಬಲ್ಬಿನ ಕೆಳಗೆ ನಮ್ಮ ಹುಡುಗರು ಅಕ್ಷರ ಕಲಿತರು. ಅದನ್ನು ಆರಿಸಿ ಅಂದರೆ ಕೇಳೋಕಾಗುತ್ತಾ?

ಸಿಟ್ಟು ಇಳಿದ ಮೇಲೆ ಯೋಚಿಸಬೇಕು. ಕೆರೆಗೆ, ಬಾವಿಗೆ, ಗುಡಿಗೆ ಬೇಲಿ ಹಾಕಿದವರಿಗೆ ಆಕಾಶಕ್ಕೆ ಹಾಕಲಾಗಲಿಲ್ಲ. ನಕ್ಷತ್ರಗಳನ್ನು ಜಾತಕದೊಳಗೆ ಕೂಡಿಹಾಕಿ ದಕ್ಷಿಣೆ ಕಿತ್ತವರು ಸೂರಿನಡಿ ಮಲಗಿದರು. ರಾತ್ರಿಯೆಲ್ಲ ನಿಜವಾದ ನಕ್ಷತ್ರ ಕಂಡವನು ಧಣಿಯ ಕಣ ಕಾದ ಜೀತದಾಳು. ಗಡಿಯಾರವಿಲ್ಲದ ನಮ್ಮವ್ವಂದಿರು ಬೆಳ್ಳಿ ಮೂಡಿದ್ದು ನೋಡಿ ಏಳುತ್ತಿದ್ದರು. ದೂರ ನಿಲ್ಲು ಅನ್ನದ ಶಾಲೆ ಅದೊಂದೇ. 2016ರಲ್ಲಿ ನಮ್ಮನ್ನಗಲಿದ ರೋಹಿತ್ ವೇಮುಲ ಕಾರ್ಲ್ ಸಾಗನ್‌ರಂತೆ ವಿಜ್ಞಾನ ಬರೆಯುವ ಕನಸು ಕಂಡಿದ್ದರು. ಕೇರಿಗೂ ನಕ್ಷತ್ರದ ಹಸಿವಿದೆ.

ಆ ಆಕಾಶ ಈಗ ಕಳುವಾಗುತ್ತಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ಹೀಗಿದೆ: 250 ನಕ್ಷತ್ರ ಕಾಣುವ ಕಡೆ ಹುಟ್ಟಿದ ಮಗುವಿಗೆ 18 ತುಂಬುವಾಗ ಅಲ್ಲಿ ಕಾಣುವುದು ಸುಮಾರು 100 ಮಾತ್ರ. ಕದ್ದವರು ಯಾರು? ಗುಡಿಸಲ ಬಲ್ಬೇ? ರಾತ್ರಿಯಿಡೀ ಉರಿಯುವ ಜಾಹೀರಾತು ಹಲಗೆಗಳನ್ನು, ಮಾಲುಗಳನ್ನು, ಮೇಲಕ್ಕೆ ಮುಖ ಮಾಡಿದ ದೀಪಗಳನ್ನು ನೋಡಿ. ನೆಲಕ್ಕೆ ಬೀಳಬೇಕಾದ ಬೆಳಕು ಮೇಲಕ್ಕೆ ಹೋಗಿ, ಗಾಳಿಯಲ್ಲಿ, ದೂಳಿನಲ್ಲಿ ಚದುರಿ ಆಕಾಶವನ್ನೇ ಮಸುಕು ಮಾಡುತ್ತದೆ. ನೀಲಿ ಹೆಚ್ಚಿರುವ ಬಿಳಿ ಎಲ್‌ಇಡಿ ಬೆಳಕು ಇನ್ನೂ ಹೆಚ್ಚು ಚದುರುತ್ತದೆ. ಒಂದು ಓಣಿ ಕತ್ತಲಲ್ಲಿ ಎಡವುತ್ತಿರುವಾಗ ಇನ್ನೊಂದು ಓಣಿಯ ಬೆಳಕು ಯಾರಿಗೂ ಬೇಡದ ಕಡೆ ಚೆಲ್ಲಿಹೋಗುತ್ತಿದೆ. ಇದೂ ಹಂಚಿಕೆಯ ಅನ್ಯಾಯವೇ.

ಹಾಗಾದರೆ ದೀಪವೋ, ನಕ್ಷತ್ರವೋ? ಈ ಪ್ರಶ್ನೆಯೇ ಸುಳ್ಳು. ದೊಡ್ಡ ದೂರದರ್ಶಕಗಳಿರುವ ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಲ್ಲಿ ಹಳ್ಳಿಯವರ ದೀಪ ಕಿತ್ತುಕೊಳ್ಳಲಿಲ್ಲ. ದೀಪಕ್ಕೆ ಮುಚ್ಚಳ, ಕಿಟಕಿಗೆ ಪರದೆ ಬಂತು. ಹಳ್ಳಿಯವರ ಕೈಗೂ ದೂರದರ್ಶಕ ಕೊಟ್ಟು ತರಬೇತಿ ಕೊಟ್ಟರು.

ನಾವು ಕೇಳುವುದೂ ಇಷ್ಟೇ. ಕೇರಿಯ ಪ್ರತಿ ಕಂಬಕ್ಕೂ ದೀಪ ಬೇಕು. ಆ ದೀಪ ನೆಲ ನೋಡಬೇಕು. ಮೇಷ್ಟ್ರೇ, ಬರುವ ಅಮಾವಾಸ್ಯೆಗೆ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ. ಅಮಾವಾಸ್ಯೆಯ ಭಯವೂ ಬಿಡಲಿ. ಊರಿನ ಮಕ್ಕಳು, ಕೇರಿಯ ಮಕ್ಕಳು ಒಂದೇ ಚಾಪೆಯ ಮೇಲೆ ಮಲಗಿ ಮೇಲೆ ನೋಡಲಿ.