ಮಾಳಿಗೆಗೆ ಗೋಡೆ ಯಾರು ಕಟ್ಟಬೇಕು?

ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ ತೆರೆಯಿರಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದವನ ರಕ್ತದ ದೋಷ ಆ ಮನೆಗೆ. ಗಮನಿಸಿರಿ, ಯಾರಾದರೂ ಬಿದ್ದ ಮೇಲೆ ಕಟ್ಟು ಅಂತ ದೇವರು ಹೇಳಲಿಲ್ಲ.

ಕೆಲವರು ಕೇಳ್ತಾರೆ: ಮಕ್ಕಳು ತಂದೆತಾಯಿಯ ಜವಾಬ್ದಾರಿ, ಅದರಲ್ಲಿ ಸರ್ಕಾರದ್ದೇನು ಕೆಲಸ? ಮೊದಲ ಜವಾಬ್ದಾರಿ ತಂದೆತಾಯಿಯದೇ, ನಿಜ. ಆದರೆ ನಮ್ಮ ತಂಗಡಗಿ, ಮುದ್ದೇಬಿಹಾಳ ಸೀಮೆ ನೋಡಿರಿ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯೋಕೆ, ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗ್ತಾರೆ. ಒಬ್ಬ ತಾಯಿ ನನ್ನನ್ನು ಕೇಳಿದಳು: "ಪಾಸ್ಟರ್ರೀ, ದೊಡ್ಡಾಕಿ ಆದ ಹುಡುಗೀನ ಯಾರ ಕಡೆ ಬಿಟ್ಟು ಹೋಗ್ಲಿರಿ?" ಈ ಹೆದರಿಕೆಯಲ್ಲೇ ಹದಿನಾಲ್ಕು ಹದಿನೈದಕ್ಕೆ ಲಗ್ನ ಆಗಿಬಿಡ್ತದೆ. ತಾಯಿಗೆ ಪ್ರೀತಿ ಇಲ್ಲ ಅಂತಲ್ಲ, ಮಗಳನ್ನು ಬಿಡೋಕೆ ಭದ್ರವಾದ ಜಾಗ ಇಲ್ಲ. ಆ ಎಳೆ ವಯಸ್ಸಿನ ಬಸುರು, ಬೈಗುಳ, ಬಿಟ್ಟ ಶಾಲೆ, ಇವುಗಳ ಗಾಯ ಆಕೆ ಮುದುಕಿಯಾದರೂ ಒಳಗೇ ಉಳೀಬಹುದು.

ವಸತಿ ನಿಲಯ ಕಟ್ಟಿಸೋದು, ಊರಲ್ಲೇ ಕೂಲಿ ಕೊಡೋದು ಆ ತಾಯಿಯ ಕೈಯಲ್ಲಿದೆಯೇ? ಅದು ಅಧಿಕಾರ ಇದ್ದವರ ಕೆಲಸ. ರೋಮಾಪುರದವರಿಗೆ 13:4ರಲ್ಲಿ ಪೌಲನು ಅಧಿಕಾರಿಯನ್ನು ದೇವರ ಸೇವಕ ಅನ್ನುತ್ತಾನೆ. ಸೇವಕ ಅಂದಮೇಲೆ ಲೆಕ್ಕ ಒಪ್ಪಿಸಬೇಕು.

ಸರ್ಕಾರ ಒಂದು ಸಾಲು ಕಲ್ಲು ಇಟ್ಟಿದೆ. ಸಂವಿಧಾನದ 39ನೇ ವಿಧಿ ಬಾಲ್ಯವನ್ನು ಶೋಷಣೆಯಿಂದ ಕಾಪಾಡಲು ಹೇಳುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕವು 2016ರಲ್ಲಿ ತಿದ್ದುಪಡಿ ತಂದು, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. 1098ಕ್ಕೆ ಫೋನ್ ಮಾಡಿದರೆ ಅಧಿಕಾರಿಗಳು ಬರ್ತಾರೆ. ಆದರೆ ಹಂದರ ಹಾಕಿದ ಮೇಲೆ ಬಂದು, ಮುಚ್ಚಳಿಕೆ ಬರೆಸಿಕೊಂಡು ಹೋದರೆ, ಆ ಮನೆಯ ಬಡತನ ಅಲ್ಲೇ ಇರ್ತದೆ. ಬಿದ್ದವರನ್ನು ಎತ್ತೋದು ಕರುಣೆ, ಬೀಳದ ಹಾಗೆ ಕಟ್ಟೋದು ನ್ಯಾಯ. ದೇವರು ಎರಡನ್ನೂ ಕೇಳ್ತಾನೆ.

ಹಾಗಂತ ಸಭೆ ಪಿಲಾತನ ಹಾಗೆ ಕೈ ತೊಳ್ಕೊಳ್ಳೋ ಹಾಗಿಲ್ಲ. ಹದಿನೆಂಟು ತುಂಬದ ಹುಡುಗಿಯ ಲಗ್ನಕ್ಕೆ ನಾನು ಪ್ರಾರ್ಥನೆ ಮಾಡೋದಿಲ್ಲ, ಯಾರು ಸಿಟ್ಟಾದರೂ ಸರಿ. ನಡೆಸಿಕೊಟ್ಟವನಿಗೂ 2 ವರ್ಷದವರೆಗೆ ಸೆರೆವಾಸ ಇದೆ. ಅದಕ್ಕಿಂತ ದೊಡ್ಡದು ಮತ್ತಾಯ 18ರಲ್ಲಿ ಯೇಸು ಹೇಳಿದ ಬೀಸುವ ಕಲ್ಲಿನ ಎಚ್ಚರಿಕೆ. ಗ್ರಾಮಸಭೆಗೆ ಹೋಗಿರಿ, ವಸತಿ ನಿಲಯ ಕೇಳಿರಿ, ಉದ್ಯೋಗ ಖಾತ್ರಿ ಕೆಲಸ ಕೇಳಿರಿ. ಅದು ಬರುವ ತನಕ, ಊರಲ್ಲಿ ಉಳಿಯುವ ಅಕ್ಕಂದಿರೇ, ದುಡಿಯಲು ಹೋದವರ ಒಬ್ಬ ಮಗಳಿಗೆ ನಿಮ್ಮ ಮನೆಯಲ್ಲಿ ಹಾಸಿಗೆ ಹಾಸ್ತೀರಾ? ಮನಸ್ಸಿರುವವರು ಈಗಲೇ ಎದ್ದು ನಿಲ್ಲಿರಿ, ಪ್ರಾರ್ಥಿಸೋಣ. ಆಮೆನ್.